ನಮ್ಮ ಡಬ್ಬಿಯೊಳಗೆ ಅವರ ಮದುವೆ

ನನ್ನ ಹೆಂಡತಿಯ ಅವ್ವ ಫೋಟೋಕ್ಕೆ ಹೆದರುತ್ತಿದ್ದರು. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಬರುತ್ತಿತ್ತು, ಇಲ್ಲವೇ ಅವರೇ ಎದ್ದು ಅಡಿಗೆಮನೆ ಸೇರುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದದ್ದು ಮತದಾರರ ಚೀಟಿಯ ಮೇಲಿನ ಒಂದು ಮಸುಕು ಮುಖ ಮಾತ್ರ. ಅದರಲ್ಲಿ ಮೂಗೊಂದನ್ನು ಬಿಟ್ಟರೆ ಬೇರೇನೂ ಅವರದ್ದೆನ್ನುವ ಹಾಗಿರಲಿಲ್ಲ. ಹೆಂಡತಿ ಆ ಚೀಟಿಯನ್ನು ತನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

ಒಂದು ಮುಂಜಾನೆ ಚಹಾ ಕುಡಿಯುವಾಗ ಮಗಳು ಕೇಳಿದಳು, "ಅವ್ವಾ, ಅಜ್ಜಿ ಹೆಂಗ ಮಾತಾಡ್ತಿದ್ಲು?"

ಹೆಂಡತಿ ಬಾಯಿ ತೆರೆದಳು. ತಾಯಿಯ ಹಾಗೆ ಏನೋ ಅನ್ನಲು ಹೋದಳು. ದನಿ ಬರಲಿಲ್ಲ. ಮತ್ತೊಮ್ಮೆ ಅಂದು ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು, "ಮರ್ತೇ ಹೋಗೈತಿ ನೋಡು," ಅಂದಳು. ಅದನ್ನು ಅನ್ನುವಾಗ ಅವಳಿಗೇ ಗಾಬರಿಯಾದದ್ದು ನನಗೆ ಕಾಣಿಸಿತು. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು, "ನಮ್ಮ ಮದುವಿ ಕ್ಯಾಸೆಟ್‌ನಾಗ ಅವ್ವ ಇರ್ಬೇಕು. ಅವತ್ತು ಎಲ್ಲಿಗಂತ ಓಡ್ತಿದ್ಲು?"

ನಾವು ಪಿಂಜಾರರು, ಹತ್ತಿ ಹಿಂಜುವ ಸಾಬರು. ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ನಮ್ಮಪ್ಪನ ಕಾಲದಿಂದ ಗಾದಿ ಅಂಗಡಿ ಇದೆ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಕನ್ನಡ, ಗಿರಾಕಿಯ ಮುಂದೆ ತೆಲುಗು, ದೇವರ ಮುಂದೆ ಅರಬ್ಬಿ. ಹೆಂಡತಿಯ ತವರು ಸಿರುಗುಪ್ಪ. ನಮ್ಮ ಮದುವೆಯೂ ಅಲ್ಲೇ ಆಯಿತು, ಅವಳ ಮನೆಯ ಮುಂದೆ ಚಪ್ಪರ ಹಾಕಿ. ಅವಳ ಸೋದರಮಾವ ಆ ಕಾಲಕ್ಕೆ ಸಿರುಗುಪ್ಪದಲ್ಲಿ ಟೀವಿ ಮತ್ತು ವಿಡಿಯೋ ಮಷಿನ್ ಬಾಡಿಗೆಗೆ ಕೊಡುತ್ತಿದ್ದ. ಮನೆಗೆ ಒಯ್ಯಲಾಗದವರು ಅವನ ಅಂಗಡಿಯಲ್ಲೇ ಚಾಪೆ ಹಾಸಿಕೊಂಡು ಕೂತು ತಮ್ಮ ಮದುವೆ ತಾವು ನೋಡಿ ಹೋಗುತ್ತಿದ್ದರು. ನಾವೂ ಒಮ್ಮೆ ಹಾಗೆ ನೋಡಿದ್ದೆವು. ನನಗೆ ಕಂಡದ್ದು ನನ್ನ ಮುಂದೆ ಕೂತವರ ತಲೆಗಳು. ಆಮೇಲೆ ನೆಂಟರೆಲ್ಲ ನೋಡಲಿ ಅಂತ ಕ್ಯಾಸೆಟ್ಟನ್ನು ಮಾವನ ಹತ್ತಿರವೇ ಬಿಟ್ಟು ಬಂದೆವು. ಎಷ್ಟೋ ತಿಂಗಳ ಮೇಲೆ ಅದು ನಮ್ಮ ಹೆಸರು ಬರೆದ ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾಪಸು ಬಂತು. ನಮ್ಮಲ್ಲಿ ಮಷಿನ್ ಇರಲಿಲ್ಲ. ಟ್ರಂಕಿನ ತಳಕ್ಕೆ ಹೋದದ್ದು ಅಲ್ಲೇ ಉಳಿಯಿತು.

ಮಗಳು ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಬೆರಳುದ್ದದ ಒಂದು ಸಾಧನ ಸಿಗುತ್ತದೆ ಎಂದು ಅವಳೇ ಪತ್ತೆಮಾಡಿ ತರಿಸಿದಳು. ಆದರೆ ಕ್ಯಾಸೆಟ್ ಓಡಿಸಲು ಹಳೇ ಮಷಿನ್ನೇ ಬೇಕಲ್ಲ. ಸಿರುಗುಪ್ಪದ ಮಾವನಿಗೆ ಫೋನ್ ಮಾಡಿದೆ. ಅವನಿಗೆ ಈಗ ವಯಸ್ಸಾಗಿದೆ. ಅಂಗಡಿ ಎತ್ತಿ ಎಷ್ಟೋ ವರ್ಷವಾಯಿತು.

"ಅಟ್ಟದ ಮ್ಯಾಲ ಒಂದು ಐತಿ, ಅಳಿಯಾ. ಇಲಿ ತಿಂದಿದ್ರ ಇಲಿಗೆ ಬೈಯಿ, ನನಗ ಬೈಬ್ಯಾಡ," ಅಂದ.

ಇಲಿ ತಿಂದಿರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಳ್ಳಾರಿಗೆ ತಂದೆ. ಒಳಗಿನ ರಬ್ಬರ್ ಬೆಲ್ಟು ಹಳೇ ಬೆಲ್ಲದ ಹಾಗೆ ಕರಗಿ ಅಂಟಿಕೊಂಡಿತ್ತು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಕ್ಯಾಸೆಟ್ಟಿನ ಕಿಂಡಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ನಾನು ಕೆಳಗೆ ಹೋಗಿ ಅಂಗಡಿಯಲ್ಲಿದ್ದ ಒಳ್ಳೇ ಹತ್ತಿ ಒಂದು ಹಿಡಿ ತಂದೆ.

"ಅಪ್ಪಾ, ಹತ್ತಿ ಬ್ಯಾಡ!" ಮಗಳು ನನ್ನ ಕೈ ಹಿಡಿದಳು. "ಅದರ ಎಳಿ ಸಿಕ್ಕೊಂಡ್ರ ಮಷಿನ್ ಕೆಡತೈತಿ."

ಮೂರು ತಲೆಮಾರು ಅನ್ನ ಹಾಕಿದ ಹತ್ತಿ ಈ ಕೆಲಸಕ್ಕೆ ಬರಲಿಲ್ಲ. ಕನ್ನಡಕ ಒರೆಸುವ ಬಟ್ಟೆಯಲ್ಲಿ ಟೇಪನ್ನು ಸುತ್ತುತ್ತಾ ಬಿಚ್ಚುತ್ತಾ, ತಾಳ್ಮೆಯಿಂದ ಒರೆಸಿದೆವು.

ಅಂಗಡಿಗೆ ರಜೆ ಇದ್ದ ದಿನ ಮೂವರೂ ಗಾದಿಯ ಮೇಲೆ ಕೂತೆವು. ಹೆಂಡತಿ ತಲೆ ಬಾಚಿ ಒಳ್ಳೇ ಸೀರೆ ಉಟ್ಟಿದ್ದಳು, ಯಾರೋ ಮನೆಗೆ ಬರುವವರಿದ್ದಾರೆ ಎಂಬಂತೆ. ಮಗಳು ಕೆಂಪು, ಬಿಳಿ, ಹಳದಿ ವೈರುಗಳನ್ನು ಸಿಕ್ಕಿಸಿದಳು. ಲ್ಯಾಪ್‌ಟಾಪಿನ ಪರದೆ ಮೊದಲು ನೀಲಿಯಾಯಿತು, ಗೆರೆಗಳು ಓಡಿದವು, ವಾಲಗದ ಸದ್ದು ಬಂತು. ಹೂವಿನ ಆಕಾರದ ಚೌಕಟ್ಟಿನೊಳಗೆ ಒಂದು ಹುಡುಗಿ ಕಾಣಿಸಿಕೊಂಡಳು. ಹಣೆಗೆ ಬಾಸಿಂಗ, ಕೆನ್ನೆ ತುಂಬ ಅರಿಶಿಣ.

"ಇದು ಯಾರು?" ಅಂದಳು ಹೆಂಡತಿ.

"ನೀ ಅಂತೂ ಅಲ್ಲವ್ವಾ," ಅಂದಳು ಮಗಳು.

ನಮ್ಮದು ಮುಂದೆ ಬರಬಹುದು ಎಂದು ಕಾದೆವು. ಬರಲಿಲ್ಲ. ಅದು ಪೂರ್ತಿ ಬೇರೆ ಯಾರದೋ ಮದುವೆ. ಹಳ್ಳಿ, ಭತ್ತದ ಗದ್ದೆ, ಟ್ರ್ಯಾಕ್ಟರು, ಪಂಕ್ತಿಯಲ್ಲಿ ಕೂತು ಉಣ್ಣುವ ಜನ. ಹೆಂಡತಿ ತುಂಬಾ ಹೊತ್ತು ನೋಡಿದಳು. ಆಮೇಲೆ ಎದ್ದು ಅಡಿಗೆಮನೆಗೆ ಹೋದಳು. ಈರುಳ್ಳಿ ಹೆಚ್ಚುವ ಸದ್ದು ಕೇಳಿಸಿತು. ಮಗಳಿಗೆ ಕೆಲಸದ ಹೊತ್ತಾಗಿತ್ತು, ಅವಳೂ ಹೋದಳು.

ನಾನು ನಿಲ್ಲಿಸಲಿಲ್ಲ. ಕ್ಯಾಸೆಟ್ ಇಳಿಸುವುದೆಂದರೆ ಮದುವೆ ಎಷ್ಟು ಹೊತ್ತು ನಡೆಯಿತೋ ಅಷ್ಟು ಹೊತ್ತೂ ಅದನ್ನು ಓಡಲು ಬಿಡಬೇಕು. ಯಾರದ್ದಾದರೂ ಇರಲಿ, ಅರ್ಧಕ್ಕೆ ಕತ್ತರಿಸಲು ಮನಸ್ಸಾಗಲಿಲ್ಲ. ಹಾಗೆ ಕೂತು ನೋಡುತ್ತಾ ನನಗೆ ಆ ಹುಡುಗಿಯ ಅಪ್ಪನ ಪರಿಚಯವಾಯಿತು. ಸಣಕಲು ಮೈ, ಹಳದಿ ರುಮಾಲು. ಇಡೀ ಮದುವೆಯಲ್ಲಿ ಅವನದೇ ಗದ್ದಲ. ಬೀಗರ ಎಲೆಗೆ ಅನ್ನ ಸುರಿಯುತ್ತಾ, "ಉಣ್ರಿ, ಉಣ್ರಿ, ನಿಮ್ಮೂರಾಗ ಇಂಥ ಅಕ್ಕಿ ಬೆಳ್ಯಾಂಗಿಲ್ಲ," ಅನ್ನುತ್ತಿದ್ದ. ಕ್ಯಾಮೆರಾದವನು ತೆಲುಗಿನವನು, "ಇಟು ಚೂಡಮ್ಮಾ," ಎಂದು ಮದುಮಗಳನ್ನು ತನ್ನ ಕಡೆ ನೋಡಲು ಕರೆದರೆ, ಅಪ್ಪ ನಡುವೆ ಬಂದು ತಾನೇ ಹಲ್ಲು ಕಿರಿದು ನೋಡುತ್ತಿದ್ದ. ಮಗಳನ್ನು ಕಳಿಸುವಾಗ ಹೆಂಗಸರೆಲ್ಲ ಅಳುತ್ತಿದ್ದರು. ಹುಡುಗಿ ಅವನ ಕೈ ಬಿಡಲೊಲ್ಲಳು. ಅವನು ನಗುತ್ತಲೇ ಕೈ ಬಿಡಿಸಿಕೊಂಡು, ಟ್ರ್ಯಾಕ್ಟರಿನವನಿಗೆ ಹೇಳಿದ:

"ಹುಷಾರಲೇ, ಮ್ಯಾಲ ಕುಂತಾಕಿ ನನ್ನ ಮಗಳು. ಭತ್ತದ ಚೀಲ ಅಲ್ಲ."

ಜನ ನಕ್ಕರು. ಹುಡುಗಿ ಮಾತ್ರ ಅವನನ್ನೇ ನೋಡುತ್ತಾ ದೂರವಾದಳು. ಪರದೆ ಕಪ್ಪಾಯಿತು.

ಮುಗಿಯಿತೆಂದು ನಾನೂ ಎದ್ದೆ. ಅಷ್ಟರಲ್ಲಿ ಮತ್ತೆ ಬೆಳಕು ಬಂತು. ಕ್ಯಾಮೆರಾದವನು ಮಷಿನ್ ಬಂದ್ ಮಾಡುವುದನ್ನು ಮರೆತು ಎಲ್ಲೋ ಇಟ್ಟು ಉಣ್ಣಲು ಹೋಗಿದ್ದನೆಂದು ತೋರುತ್ತದೆ. ಚಿತ್ರ ಓರೆಯಾಗಿತ್ತು. ಅದರಲ್ಲಿ ದನದ ಕೊಟ್ಟಿಗೆಯ ಹಿಂದಿನ ಒಂದು ಮಣ್ಣಿನ ಗೋಡೆ. ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಆ ಹಳದಿ ರುಮಾಲಿನವನು ಬಂದ. ಆಚೆ ಈಚೆ ನೋಡಿದ. ಮುಖವನ್ನು ಗೋಡೆಗೆ ಒತ್ತಿ ನಿಂತ. ಬೆನ್ನು ಅಲುಗುತ್ತಿತ್ತು. ಬಹಳ ಹೊತ್ತು ಹಾಗೇ ನಿಂತಿದ್ದ. ಒಮ್ಮೆ ಅಂಗೈಯಿಂದ ಗೋಡೆಯನ್ನು ಮೆಲ್ಲಗೆ ಬಡಿದ. ಆಮೇಲೆ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿ, ಗಂಟಲು ಸರಿಮಾಡಿಕೊಂಡು, "ಏ, ಪಾತ್ರಿ ತೊಳಿಯಾಕ ನೀರು ಬಿಟ್ರೇನ್ರಲೇ?" ಎಂದು ಕೂಗುತ್ತಾ ಆಚೆ ಹೋದ.

ನಾನು ಹೆಂಡತಿಯನ್ನು ಕರೆದೆ. ಅವಳು ಈರುಳ್ಳಿ ಕೈಯಲ್ಲೇ ಬಂದು ನಿಂತು ನೋಡಿದಳು. ಇನ್ನೊಮ್ಮೆ ಹಾಕಿಸಿ ನೋಡಿದಳು.

"ಈ ಹುಡುಗಿ ಇದನ್ನ ನೋಡ್ಯಾಳೋ ಇಲ್ಲೋ," ಅಂದಳು.

"ಹೆಂಗ ನೋಡ್ತಾಳ? ಕ್ಯಾಸೆಟ್ ನಮ್ಮ ಟ್ರಂಕಿನಾಗ ಐತಿ."

"ಹಂಗಾದ್ರ ಹುಡುಕ್ರಿ," ಅಂದಳು. ತನ್ನ ಕ್ಯಾಸೆಟ್ಟಿನ ಮಾತು ಎತ್ತಲಿಲ್ಲ.

ಸಂಜೆ ಮಗಳು ಬಂದು ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ನೋಡಿದಳು. ವಾಲಗದವರ ಹಿಂದೆ ಶಾಲೆಯ ಗೋಡೆ ಇತ್ತು. ಅದರ ಮೇಲೆ ಊರಿನ ಹೆಸರು: ದೇಶನೂರು. ಸಿರುಗುಪ್ಪದ ಹತ್ತಿರದ ಊರು. ಹೇಗೆ ಅದಲುಬದಲಾಯಿತೆಂದು ಆಗಲೇ ಹೊಳೆಯಿತು. ಮಾವನಿಗೆ ಫೋನ್ ಮಾಡಿದರೆ ಮೊದಲು ನಕ್ಕ.

"ನಮ್ಮ ಅಂಗಡ್ಯಾಗ ಮದುವಿ ಕ್ಯಾಸೆಟ್ ರಾಶಿ ಬಿದ್ದಿರ್ತಿದ್ವು ಅಳಿಯಾ. ಯಾವ ಡಬ್ಬಿಗೆ ಯಾವ ಮದುವಿ ಹೋತೋ!" ಅಂದ. ಆಮೇಲೆ ಗೋಡೆಯ ವಿಷಯ ಹೇಳಿದೆ. "ನಾನೂ ಬರ್ತೀನಿ ನಡಿ," ಅಂದ.

ಮುಂದಿನ ವಾರ ನಾನು, ಹೆಂಡತಿ, ಮಾವ ಮೂವರೂ ದೇಶನೂರಿಗೆ ಹೋದೆವು. ಮಗಳು ಮದುವೆಯ ಒಂದು ತುಣುಕನ್ನು ನನ್ನ ಫೋನಿಗೆ ಹಾಕಿ ಕೊಟ್ಟಿದ್ದಳು. ಗೋಡೆಯ ಭಾಗ ಬೇಡ ಎಂದು ಹೆಂಡತಿ ಮೊದಲೇ ಹೇಳಿದ್ದಳು, ಅದನ್ನು ಅವನ ಮಗಳಿಗಿಂತ ಮೊದಲು ಊರು ನೋಡಬಾರದು ಅಂತ. ಹೋಟೆಲಿನ ಮುಂದೆ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕೂತವರಿಗೆ ಫೋನ್ ತೋರಿಸಿದೆ. ಒಬ್ಬ ಬೋಳುತಲೆಯವನು ಫೋನನ್ನು ನನ್ನ ಕೈಯಿಂದ ಕಸಿದುಕೊಂಡ.

"ಲೇ, ಇಂವ ನಾನಲೇ! ಕೂದಲ ನೋಡ್ರಲೇ ನಂದು!"

ಹೋಟೆಲಿನ ಜನವೆಲ್ಲ ಅವನ ಮೇಲೆ ಬಿದ್ದರು. ಸತ್ತವರನ್ನು, ಊರು ಬಿಟ್ಟವರನ್ನು, ದಪ್ಪಗಾದವರನ್ನು ಒಬ್ಬೊಬ್ಬರಾಗಿ ಗುರುತಿಸಿದರು. ಹಳದಿ ರುಮಾಲು ಬಂದಾಗ ಗದ್ದಲ ನಿಂತಿತು. ಹಿರಿಯರೊಬ್ಬರು ಹೇಳಿದರು, "ಮಗಳ ಮದುವಿ ಮಾಡಿದ ವರ್ಷನ ತೀರಿಕೊಂಡ ನೋಡ್ರಿ. ಗದ್ದ್ಯಾಗ ಹಾವು ಕಡೀತು. ನಾವೆಲ್ಲ ಸಿರುಗುಪ್ಪಕ್ಕ ಹೋಗಿ ಈ ಕ್ಯಾಸೆಟ್ ನೋಡಿ ಬಂದಿದ್ವಿ, ತಾನ ಟ್ರ್ಯಾಕ್ಟರ್ ಮಾಡಿ ಕರಕೊಂಡು ಹೋಗಿದ್ದ. ಮಗಳನ್ನ ಕಳಿಸಿದ್ದು ಬಂದಕೂಡ್ಲೆ ಆತು ಅಂತ ಎದ್ದು ಬಂದ್ವಿ."

ಒಬ್ಬಳೇ ಮಗಳು. ಕುರುಗೋಡಿಗೆ ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾಳೆ, ಅವ್ವನೂ ಅವಳ ಜೊತೆಗೇ ಇದ್ದಾಳೆ ಎಂದರು.

ಕುರುಗೋಡಿಗೆ ಹೋದ ದಿನ ಮಗಳೂ ರಜೆ ಹಾಕಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಗಿರಣಿ ಸುಲಭವಾಗಿ ಸಿಕ್ಕಿತು. ಒಳಗೆ ಜೋಳ ಬೀಳುತ್ತಿತ್ತು. ಗಿರಣಿಯ ಮುಂದೆ ನಿಂತ ಹೆಂಗಸಿಗೆ ನಮ್ಮ ವಯಸ್ಸೇ ಇರಬೇಕು, ಹುಬ್ಬಿನ ಮೇಲೆಲ್ಲ ಹಿಟ್ಟು. ನಾನು ಗಿರಣಿಯ ಸದ್ದಿನ ಮೇಲೆ ಕೂಗಿ ಕೇಳಿದೆ, "ನಿಮ್ಮ ತವರು ದೇಶನೂರೇನ್ರಿ ಅಮ್ಮಾ?"

ಆಕೆ ನನ್ನ ಹೆಂಡತಿಯನ್ನೇ ನೋಡುತ್ತಿದ್ದಳು, ಅವಳ ಗಲ್ಲದ ಮೇಲಿನ ದೊಡ್ಡ ಮಚ್ಚೆಯನ್ನು. ಕೈ ಚಾಚಿ ಗಿರಣಿ ಬಂದ್ ಮಾಡಿದಳು.

"ಮದುವ್ಯಾಗ ಕುಂತಲ್ಲೇ ನಿದ್ದಿ ಮಾಡಿದಾಕಿ ನೀವ ಅಲ್ಲೇನ್ರಿ?"

ಹೆಂಡತಿಯ ಮುಖ ಕೆಂಪಗಾಯಿತು. ಅದು ನಿಜ. ಹಿಂದಿನ ದಿನಗಳ ದಣಿವಿಗೆ ಅವಳು ಮದುಮಗಳಾಗಿ ಕೂತಲ್ಲೇ ತೂಕಡಿಸಿದ್ದಳು. ನಮ್ಮ ಮನೆಯಲ್ಲೇ ಅದನ್ನು ಎಲ್ಲರೂ ಮರೆತಿದ್ದರು.

"ನಮ್ಮ ಕ್ಯಾಸೆಟ್ ನಿಮ್ಮ ಹತ್ರ ಐತೇನ್ರಿ?" ಎಂದಳು.

"ಐತ್ರಿ. ಬರ್ರಿ ಒಳಗ, ಬರ್ರಿ."

ಒಳಗೆ ಚಾಪೆ ಹಾಸಿದಳು. ಮೂಲೆಯಲ್ಲಿ ಕಡಲೆಬೇಳೆ ಆರಿಸುತ್ತಾ ಕೂತಿದ್ದ ತಾಯಿಗೆ, "ಯವ್ವಾ, ನೋಡು ಯಾರು ಬಂದಾರ, ನಿದ್ದಿ ಮದುಮಗಳು!" ಎಂದು ಕೂಗಿ ಹೇಳಿದಳು. ಮುದುಕಿ ಹತ್ತಿರ ಬಂದು ನನ್ನ ಹೆಂಡತಿಯ ಗಲ್ಲ ಹಿಡಿದು ನೋಡಿ, "ಹೌದು, ಅಕಿನ," ಅಂದಳು.

ಗಿರಣಿಯ ಹೆಂಗಸು ಹೇಳಿದ್ದು ಇಷ್ಟು. ಅಪ್ಪ ತೀರಿಕೊಂಡ ಮೇಲೆ ಅವನ ಮುಖ ನೋಡಬೇಕೆನಿಸಿ ಊರಿನಿಂದ ಕ್ಯಾಸೆಟ್ ತರಿಸಿಕೊಂಡಳು. ಪಕ್ಕದ ಮನೆಯಲ್ಲಿ ಮಷಿನ್ ಇತ್ತು. ಹಾಕಿದರೆ ಅಪ್ಪ ಇಲ್ಲ, ನಾವು. ಸಿರುಗುಪ್ಪಕ್ಕೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಮಾವ ಅಂಗಡಿ ಎತ್ತಿದ್ದ.

"ಅವತ್ತು ಅಳಾಕ ಕುಂತಾಕಿ ನಾನು, ಅತ್ತು ಅತ್ತು ನಕ್ಕುಬಿಟ್ಟೆ ನೋಡ್ರಿ. ನಿಮ್ಮ ಅವ್ವ ಬಾಳ ನಗಸ್ತಾಳ. ಆಮ್ಯಾಲ ನಮ್ಮವ್ವ ಬ್ಯಾಸರಾದಾಗೆಲ್ಲ, 'ಆ ಸಾಬರ ಮದುವಿ ಹಾಕಿಸು' ಅಂತಿದ್ಲು. ಯಾರದಾದ್ರೂ ಮದುವಿ ಮದುವಿನ, ಒಗಿಯಾಕ ಬರ್ತೈತೇನು?"

ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡಳು. ಅವಳು ಒಮ್ಮೆಯೂ ಕಾಣದ ಮನೆಯಲ್ಲಿ, ಹೆಸರೂ ಗೊತ್ತಿಲ್ಲದ ಇಬ್ಬರು ಹೆಂಗಸರು ಅವಳ ಅವ್ವನನ್ನು ಇಷ್ಟು ವರ್ಷ ನೋಡಿ ನಕ್ಕಿದ್ದರು.

ಮಗಳು ಲ್ಯಾಪ್‌ಟಾಪನ್ನು ಒಂದು ಡಬ್ಬದ ಮೇಲೆ ಇಟ್ಟು ಮದುವೆ ಹಾಕಿದಳು. ಹಳದಿ ರುಮಾಲು ಬಂದಾಗ ಮುದುಕಿ ಸೆರಗು ಸರಿಮಾಡಿಕೊಂಡಳು. ಗಂಡ ಮಾತಾಡಿದ್ದಕ್ಕೆಲ್ಲ ತುಟಿ ಅಲುಗಿಸುತ್ತಿದ್ದಳು. ಮಗಳನ್ನು ಕಳಿಸುವ ಹೊತ್ತು ಬಂತು. ಭತ್ತದ ಚೀಲದ ಮಾತಿಗೆ ನಾವು ನಕ್ಕೆವು. ಗಿರಣಿಯ ಹೆಂಗಸು ನಗಲಿಲ್ಲ.

"ಇದ ಮಾತು ನನಗ ನಾಟಿದ್ದು," ಅಂದಳು. "ಕೈ ಬಿಡಿಸಿಕೊಂಡು ನಕ್ಕ. ಹೊರಿ ಇಳೀತು ಅಂತ ನಕ್ಕ ಅನಕೊಂಡೆ. ನಾಗರಪಂಚಮಿಗೆ ಕರ್ಯಾಕ ಬಂದ್ರೂ ಸಿಟ್ಟಿಗೆ ನಾ ಹೋಗಲಿಲ್ಲ. ಮುಂದ ಹಾವು ಕಡದದ್ದ ಸುದ್ದಿ ಬಂತು."

ಪರದೆ ಕಪ್ಪಾಯಿತು. ಆಕೆ ಏಳಲು ಹೋದಳು. "ಕುಂದರ್ರಿ ಅಕ್ಕಾ," ಅಂದಳು ನನ್ನ ಹೆಂಡತಿ, ಅವಳ ಕೈ ಬಿಡದೆ.

ಗೋಡೆ ಬಂತು. ಅಪ್ಪ ಬಂದ. ಹೊರಗೆ ಯಾರೋ, "ಅಕ್ಕಾ, ನಮ್ಮ ಜೋಳ ಆತೇನ್ರಿ?" ಎಂದು ಕೇಳುತ್ತಿದ್ದರು. ಅವನು ಅಂಗೈಯಿಂದ ಗೋಡೆ ಬಡಿದಾಗ ಆಕೆಯ ಗಂಟಲಿನಿಂದ ಸಣ್ಣ ಸದ್ದೊಂದು ಬಂತು, ಎಳೇ ಹುಡುಗಿಯ ದನಿಯ ಹಾಗೆ. ನೀರಿನ ಬಗ್ಗೆ ಕೂಗುತ್ತಾ ಅವನು ಆಚೆ ಹೋದ ಮೇಲೂ ಆಕೆ ಖಾಲಿ ಗೋಡೆಯನ್ನೇ ನೋಡುತ್ತಿದ್ದಳು.

ಆಗ ಮುದುಕಿ ಮಾತಾಡಿದಳು.

"ಅವತ್ತು ಮುಂಜಾನಿ ಆ ಗ್ವಾಡಿ ನಾನ ಸಗಣಿ ಸಾರಿಸಿದ್ದೆ. ಒಣಗಿದ್ದಿಲ್ಲ. ಅಂಗಿ ತುಂಬ, ಗಡ್ಡ ತುಂಬ ಹಸಿ ಸಗಣಿ ಮಾಡಿಕೊಂಡು ಬಂದ. ನೆಂಟರ ಮುಂದ ಇದೇನು ಅವತಾರ ಅಂತ ಬೈದೆ. ಎತ್ತು ಮೈ ಒರಸ್ತು ಅಂದ. ನಾನೂ ನಂಬಿದೆ ನೋಡವ್ವ."

ಗಿರಣಿಯ ಹೆಂಗಸು ತಾಯಿಯನ್ನು ನೋಡಿದಳು. ಮೊದಲು ಅವಳಿಗೆ ನಗು ಬಂತು. ನಗು ತಡೆಯಲಾಗದೆ ಬಗ್ಗಿದಳು. ಆಮೇಲೆ ಅದು ಅಳುವಾಯಿತು. ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ನಾವು ಹೊರಗೆ ಬಂದು ಗಿರಣಿಯ ಕಟ್ಟೆಯ ಮೇಲೆ ಕೂತೆವು. ಜೋಳದವರಿಗೆ ನನ್ನ ಹೆಂಡತಿಯೇ, "ನಾಳಿ ಬರ್ರಿ," ಎಂದು ಹೇಳಿ ಕಳಿಸಿದಳು.

ಹೊರಡುವಾಗ ಆಕೆ ಕಣ್ಣು ಒರೆಸಿಕೊಂಡು ಬಂದು, ಕುಪ್ಪಸದ ಕಣದಲ್ಲಿ ಸುತ್ತಿಟ್ಟಿದ್ದ ನಮ್ಮ ಕ್ಯಾಸೆಟ್ ಕೊಟ್ಟಳು. ಮುಖ ಹಗುರಾಗಿತ್ತು. "ಪಂಚಮಿಗೆ ಕರ್ಯಾಕ ಬಂದಾಗ ಏನೂ ಹೇಳಲಿಲ್ಲ ನೋಡ್ರಿ, ಕಳ್ಳ," ಅಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ.

ನಮ್ಮ ಕ್ಯಾಸೆಟ್ಟನ್ನು ಅವರು ಎಷ್ಟೋ ಸಲ ನೋಡಿದ್ದರು, ಟೇಪು ಸವೆದಿತ್ತು. ಬಳ್ಳಾರಿಗೆ ಬಂದು ಮಷಿನಿಗೆ ಹಾಕಿದ ಸ್ವಲ್ಪ ಹೊತ್ತಿಗೇ ತುಂಡಾಯಿತು. ತಿರುಪು ಬಿಚ್ಚಿ, ಸುಕ್ಕಾದ ಭಾಗ ಕತ್ತರಿಸಿ, ತೆಳುವಾದ ಅಂಟುಪಟ್ಟಿಯಿಂದ ಎರಡೂ ತುದಿ ಜೋಡಿಸಿದೆ. ಗಾದಿಗೆ ಹೊಲಿಗೆ ಹಾಕುವ ಕೈಗೆ ಅದು ಕಷ್ಟವಾಗಲಿಲ್ಲ, ಆದರೆ ಬೆವರಂತೂ ಇಳಿಯಿತು. ಕತ್ತರಿಸಿದ್ದರಲ್ಲಿ ಹೋದದ್ದು ಸರಿಯಾಗಿ ನಮ್ಮ ನಿಕಾಹ್ ನಡೆದ ಭಾಗ.

"ಹೋಗ್ಲಿ ಬಿಡ್ರಿ. ಆಗೈತಿ ಅಂತ ನನಗ ಗೊತ್ತೈತಿ," ಅಂದಳು ಹೆಂಡತಿ.

ಊಟದ ಭಾಗ ಪೂರ್ತಿ ಉಳಿದಿತ್ತು. ಚಪ್ಪರದ ಹಿಂದೆ ಅನ್ನ ಬೇಯುವ ದೊಡ್ಡ ಡೇಗಿ, ಹೊಗೆ. ಹೊಗೆಯೊಳಗಿಂದ ನನ್ನ ಅತ್ತೆ ಕೈಯಲ್ಲಿ ಸೌಟು ಹಿಡಿದು ಬಂದರು. ಕ್ಯಾಮೆರಾ ಹತ್ತಿರ ಹೋಯಿತು. ಎರಡೂ ಕೈಗೆ ಅನ್ನ ಮೆತ್ತಿದ್ದರಿಂದ ಸೆರಗು ಎಳೆದುಕೊಳ್ಳಲು ಆಗಲಿಲ್ಲ. ಸ್ವಲ್ಪ ಒಡೆದ, ಮೂಗಿನಲ್ಲಿ ತಿರುಗಿ ಬರುವ ದನಿ:

"ನನ್ನ ಯಾಕ ತೆಗಿತೀಯೋ ಯಪ್ಪಾ, ಅನ್ನ ತೆಗಿ! ಅನ್ನ ಎಷ್ಟು ಚೆಂದ ಉದುರಾಗೈತಿ ನೋಡು!"

ಹಾಗೆಂದು ಒಂದು ಸೌಟು ಅನ್ನವನ್ನು ನೇರ ಕ್ಯಾಮೆರಾದ ಮುಂದೆ ಹಿಡಿದರು. ಅವರ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ.

ಹೆಂಡತಿ ಮಗಳ ಕಡೆ ತಿರುಗಿದಳು. "ಹಿಂಗ. ಹಿಂಗ ಮಾತಾಡ್ತಿದ್ಲು ನಿಮ್ಮಜ್ಜಿ." ಆಮೇಲೆ ಅದೇ ಮಾತನ್ನು ಅದೇ ದನಿಯಲ್ಲಿ ತಾನೂ ಅಂದಳು. ಈ ಸಲ ಬಂತು.

ಭತ್ತದ ಸುಗ್ಗಿ ಮುಗಿದ ಮೇಲೆ ಗಿರಣಿಯವರು ನಮ್ಮನ್ನು ದೇಶನೂರಿಗೆ ಕರೆಸಿಕೊಂಡರು. ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಸಂಜೆ ಬಾಡಿಗೆಗೆ ತಂದ ಪ್ರೊಜೆಕ್ಟರಿನಿಂದ ಊರಿಗೆಲ್ಲ ಆ ಮದುವೆ ತೋರಿಸಿದೆವು. ಕೊಟ್ಟಿಗೆ ಗೋಡೆಯ ಭಾಗವನ್ನೂ ಹಾಕಿ ಎಂದು ಆಕೆಯೇ ಹೇಳಿದಳು. ಮಾವ ಮುಂದಿನ ಸಾಲಿನಲ್ಲಿ ಕೂತು, ತನ್ನ ಅಂಗಡಿಯಿಂದಲೇ ಈ ಕ್ಯಾಸೆಟ್ ಕಳೆದದ್ದೆಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ. ಅದೇನೋ ದೊಡ್ಡ ಉಪಕಾರ ಮಾಡಿದ ಹಾಗೆ. ಮರುದಿನ ನಾವು ಹೊರಡುವಷ್ಟರಲ್ಲಿ ನಾಲ್ಕಾರು ಮನೆಯವರು ತಮ್ಮ ತಮ್ಮ ಕ್ಯಾಸೆಟ್ ಹಿಡಿದು ಬಂದಿದ್ದರು. ಈಗ ರಜೆಯ ದಿನ ನಮ್ಮ ಮನೆಯಲ್ಲಿ ಒಂದಲ್ಲ ಒಂದು ಮದುವೆ ನಡೆಯುತ್ತಲೇ ಇರುತ್ತದೆ. ಪ್ರತಿಯೊಂದನ್ನೂ ಕೊನೆಯವರೆಗೆ, ಪರದೆ ಕಪ್ಪಾದ ಮೇಲೂ ಓಡಲು ಬಿಡುತ್ತೇನೆ.

ಈ ತಿಂಗಳು ಕುರುಗೋಡಿನಲ್ಲಿ ಆಕೆಯ ಕಿರಿಮಗಳ ಮದುವೆ. ಎಂಟು ದಿನ ಮೊದಲೇ ಬರಬೇಕೆಂದು ನನ್ನ ಹೆಂಡತಿಗೆ ಅಪ್ಪಣೆಯಾಗಿದೆ. ನಿನ್ನೆ ಮುಂಜಾನೆ ಬಸ್ ಹತ್ತಿಸಿ ಬಂದೆ. ಮಧ್ಯಾಹ್ನ ಫೋನ್ ಮಾಡಿದರೆ ಹಿಂದೆ ಹೆಂಗಸರ ನಗು, ಗಿರಣಿಯ ಸದ್ದು. "ಸ್ಯಾವಿಗಿ ಹೊಸಿಯಾಕತ್ತೀವಿ, ಆಮ್ಯಾಲ ಮಾಡ್ತೀನಿ," ಎಂದು ಅವಳು ಫೋನ್ ಇಟ್ಟುಬಿಟ್ಟಳು.